ಗೃಹಪ್ರವೇಶಕ್ಕೆ ಎರವಲು ತಂದ ಲೋಟಗಳು: ಮೈಸೂರಿನ ಯುವಕರ ಪಾತ್ರೆ ಬ್ಯಾಂಕ್ ಹೇಗಿದೆ?

ಮೈಸೂರಿನಲ್ಲಿ ನಾವಿರುವ ಭಾಗದಲ್ಲಿ, ಕಾಲೇಜಿನಲ್ಲಿ ಓದುತ್ತಿರುವ ಮತ್ತು ಈಚೆಗಷ್ಟೇ ಓದು ಮುಗಿಸಿದ ಹತ್ತು ಹನ್ನೆರಡು ಮಂದಿ ಯುವಕ ಯುವತಿಯರು ಸೇರಿ ಸ್ಟೀಲ್ ಪಾತ್ರೆಗಳ ಬ್ಯಾಂಕೊಂದನ್ನು ನಡೆಸುತ್ತಿದ್ದಾರೆ. ಮುಂಜಿ, ನಾಮಕರಣ, ಆರತಕ್ಷತೆ, ತಿಥಿ ಯಾವುದೇ ಇರಲಿ, ಊಟ ತಿಂಡಿಗೆ ಬೇಕಾಗುವ ತಟ್ಟೆ, ಲೋಟ, ಚಮಚಗಳನ್ನು ಎರವಲು ಕೊಟ್ಟು, ಕಾರ್ಯಕ್ರಮ ಮುಗಿದ ಮೇಲೆ ಎಣಿಸಿಕೊಂಡು ವಾಪಸು ಒಯ್ಯುವುದು ಇವರ ಕೆಲಸ. ಅಣ್ಣನ ಮನೆಯ ಗೃಹಪ್ರವೇಶಕ್ಕೆ ಬರುವ ಸುಮಾರು ಇನ್ನೂರೈವತ್ತು ಜನರ ತಿಂಡಿಗೂ ಊಟಕ್ಕೂ ನಾವು ಈ ಸೇವೆಯನ್ನು ಬಳಸಿಕೊಂಡೆವು. ಈ ವಯಸ್ಸಿನವರು ಪರಿಸರದ ಹೆಸರಿನಲ್ಲಿ ಏನೇ ಮಾಡಿದರೂ ಬೆನ್ನು ತಟ್ಟಿ ಕಳುಹಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಅದರಿಂದ ಅವರಿಗೂ ಉಪಯೋಗವಿಲ್ಲ, ಮುಂದೆ ಇದನ್ನು ಬಳಸುವವರಿಗೂ ಉಪಯೋಗವಿಲ್ಲ. ಆದ್ದರಿಂದ ಶಾಮಿಯಾನದವರನ್ನು, ಅಡುಗೆಯವರನ್ನು, ಛತ್ರದವರನ್ನು ಯಾವ ಅಳತೆಯಿಂದ ಅಳೆಯುತ್ತೇವೆಯೋ ಅದೇ ಅಳತೆಯಿಂದ ಇವರನ್ನೂ ನೋಡಿದ್ದೇನೆ. ಹಾಗೆ ನೋಡಿದಾಗ, ಇವರು ವ್ಯವಹಾರಸ್ಥರಂತೆ ನಡೆದುಕೊಂಡ ಕಡೆಯಲ್ಲೆಲ್ಲ ಸೇವೆ ಚೊಕ್ಕವಾಗಿತ್ತು, ಸ್ವಯಂಸೇವಕರಂತೆ ನಡೆದುಕೊಂಡ ಕಡೆಯಲ್ಲಿ ಎಡವಿತು ಎಂಬುದು ನನ್ನ ಒಟ್ಟು ಅಭಿಪ್ರಾಯ.

ಮೊದಲಿಗೆ ಕ್ರಮವನ್ನು ಹೇಳುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಕಳುಹಿಸಿದರೆ ಅವರು ಒಂದು ಗೂಗಲ್ ಫಾರ್ಮ್ ಕಳುಹಿಸುತ್ತಾರೆ. ಅದರಲ್ಲಿ ದಿನಾಂಕ, ಸ್ಥಳ ಮತ್ತು ಜನರ ಸಂಖ್ಯೆಯ ಜೊತೆಗೆ ಊಟ ಎಲೆಯ ಮೇಲೋ ತಟ್ಟೆಯಲ್ಲೋ, ಬಫೆಯೋ ಪಂಕ್ತಿಯೋ, ನೀರನ್ನು ಯಾವುದರಲ್ಲಿ ಕೊಡುತ್ತೀರಿ, ಐಸ್‌ಕ್ರೀಮ್ ಇದೆಯೇ, ತಾಂಬೂಲವನ್ನು ಯಾವ ಚೀಲದಲ್ಲಿ ಕೊಡುತ್ತೀರಿ ಎಂಬ ಪ್ರಶ್ನೆಗಳಿವೆ. ಈ ಪ್ರಶ್ನೆಗಳನ್ನು ಕೂತು ಬರೆದವರು ನಮ್ಮ ಕಡೆಯ ಸಮಾರಂಭಗಳಲ್ಲಿ ಎಲೆ ಎತ್ತುವ ಜಾಗದಲ್ಲಿ ಸಾಕಷ್ಟು ಹೊತ್ತು ನಿಂತಿರಬೇಕು ಎಂದು ಓದಿದ ಕೂಡಲೇ ಅನ್ನಿಸಿತು. ಪಾತ್ರೆಗಳಿಗೆ ಬಾಡಿಗೆ ಇಲ್ಲ. ತೊಳೆಯುವುದಕ್ಕೆ ಮತ್ತು ಸಾಗಣೆಗೆ ಹಣ ಕೊಡಬೇಕು, ಮರಳಿ ಸಿಗುವ ಠೇವಣಿಯನ್ನು ಮೊದಲೇ ಕಟ್ಟಬೇಕು. ನಾವೇ ತೊಳೆದು ಕೊಡುವುದಾದರೆ ತೊಳೆಯುವ ಹಣ ಬೇಡ ಎಂಬ ಆಯ್ಕೆಯೂ ಇದೆ. ಗೃಹಪ್ರವೇಶದ ದಿನ ಸಂಜೆ ಐನೂರು ಲೋಟ ತೊಳೆಯುವ ಉತ್ಸಾಹ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಆ ಆಯ್ಕೆಯ ಬಗ್ಗೆ ಚರ್ಚೆಯೇ ನಡೆಯಲಿಲ್ಲ.

ಸ್ಟೀಲ್ ತಟ್ಟೆಯನ್ನು ಶಾಮಿಯಾನ ಅಂಗಡಿಯವರೂ ಬಾಡಿಗೆಗೆ ಕೊಡುತ್ತಾರೆ, ಇದರಲ್ಲಿ ಹೊಸದೇನಿದೆ ಎಂದು ಅಣ್ಣ ಮೊದಲೇ ಕೇಳಿದ್ದ. ಪ್ರಶ್ನೆ ನ್ಯಾಯವಾದದ್ದೇ. ಕುರ್ಚಿ, ಮೇಜು, ಹಂಡೆ, ಕೊಳದಪ್ಪಲೆಗಳ ಜೊತೆಗೆ ತಟ್ಟೆಗಳೂ ಆ ಅಂಗಡಿಗಳಲ್ಲಿ ಇರುತ್ತವೆ. ಆದರೆ ನಾನು ವಿಚಾರಿಸಿದ ಅಂಗಡಿಗಳಲ್ಲಿ ಲೋಟಗಳು ಹೆಚ್ಚುಕಡಿಮೆ ಮಾಯವಾಗಿವೆ. ಪೇಪರ್ ಲೋಟ ಮತ್ತು ಎಲೆಗೊಂದರಂತೆ ಇಡುವ ಸಣ್ಣ ನೀರಿನ ಬಾಟಲಿ ಬಂದ ಮೇಲೆ ಲೋಟ ಕೇಳುವವರಿಲ್ಲದೆ ಅವರು ಹಳೆಯವನ್ನು ತೂಕಕ್ಕೆ ಹಾಕಿದ್ದಾರೆ. ಜೊತೆಗೆ ಅವರು ಪಾತ್ರೆಯನ್ನು ಗೇಟಿನ ಬಳಿ ಇಳಿಸಿ ಹೋಗುತ್ತಾರೆ, ತೊಳೆದು ಎಣಿಸಿ ಒಪ್ಪಿಸುವುದು ನಮ್ಮ ಪಾಡು. ಈ ಯುವಕರು ಪಾತ್ರೆಯ ಜೊತೆಗೆ ಜನರನ್ನೂ ಕಳುಹಿಸುತ್ತಾರೆ. ಆ ದಿನ ಬಂದ ನಾಲ್ವರಲ್ಲಿ ಇಬ್ಬರು ಲೋಟ ಇಡುವುದು ಮತ್ತು ಎತ್ತುವುದನ್ನು, ಇನ್ನಿಬ್ಬರು ಕೈತೊಳೆಯುವ ಜಾಗದ ಪಕ್ಕದಲ್ಲಿ ಕಸ ಬೇರ್ಪಡಿಸುವುದನ್ನು ನೋಡಿಕೊಂಡರು. ನಾವು ಹಣ ಕೊಟ್ಟದ್ದು ಮುಖ್ಯವಾಗಿ ಈ ನಾಲ್ವರ ಹಾಜರಿಗೆ ಎಂದೇ ನಾನು ಲೆಕ್ಕ ಹಾಕಿದ್ದೇನೆ.

ನಮ್ಮ ಊಟದ ಕ್ರಮವನ್ನು ಸ್ವಲ್ಪ ಬಿಡಿಸಿ ನೋಡಿದರೆ ಈ ಸೇವೆ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದು ತಿಳಿಯುತ್ತದೆ. ಮಧ್ಯಾಹ್ನದ ಊಟ ಬಾಳೆ ಎಲೆಯ ಮೇಲೆ ನಡೆಯುವವರೆಗೆ ಊಟದ ಕಸದ ತೂಕದಲ್ಲಿ ಹೆಚ್ಚಿನ ಪಾಲು ಕೊಳೆಯುವಂಥದ್ದೇ ಆಗಿರುತ್ತದೆ. ತೊಂದರೆ ಶುರುವಾಗುವುದು ಎಲೆಯ ಸುತ್ತ ಸೇರಿಕೊಂಡಿರುವ ಸಾಮಾನುಗಳಿಂದ: ಮೇಜಿನ ಮೇಲೆ ಹಾಸುವ ರೋಲು, ನೀರಿನ ಬಾಟಲಿ, ಪಾಯಸಕ್ಕೊಂದು ಕಪ್ಪು, ಐಸ್‌ಕ್ರೀಮಿಗೆ ಇನ್ನೊಂದು ಕಪ್ಪು, ಅದರ ಮರದ ಚಮಚ, ಬೀಡಾಕ್ಕೆ ಚುಚ್ಚಿದ ಕಡ್ಡಿ. ಉಂಡವರು ಎಲೆ ಮಡಿಸುವಾಗ ಇವೆಲ್ಲವನ್ನೂ ಅದರೊಳಗೇ ಇಟ್ಟು ಮಡಿಸುತ್ತಾರೆ. ಹಸುವಿಗೋ ಗೊಬ್ಬರಕ್ಕೋ ಹೋಗಬಹುದಾಗಿದ್ದ ಎಲೆ ಆ ಕ್ಷಣಕ್ಕೆ ಮಿಶ್ರ ಕಸವಾಗುತ್ತದೆ. ಅದನ್ನು ಮತ್ತೆ ಬಿಡಿಸುವುದು ಎಲ್ಲೋ ಒಂದು ಘಟಕದಲ್ಲಿ ನಿಂತಿರುವ ಪೌರಕಾರ್ಮಿಕರ ಕೈಗೆ ಬೀಳುತ್ತದೆ. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂದು ಹೆಸರು ಪಡೆದ ಊರು ನಮ್ಮದು; ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕವನ್ನು ನೋಡಲು ಹೊರಗಿನವರು ಬರುತ್ತಾರೆ. ಅದೇ ಊರಿನಲ್ಲಿ ವಿದ್ಯಾರಣ್ಯಪುರಂ ಕಡೆಯ ಸೂಯೇಜ್ ಫಾರಂನ ಕಸದ ಗುಡ್ಡದ ವಾಸನೆಯನ್ನು ಸುತ್ತಲಿನ ಬಡಾವಣೆಯವರು ವರ್ಷಗಟ್ಟಲೆ ಸಹಿಸಿಕೊಂಡಿದ್ದಾರೆ.

ಕಾನೂನಿನ ಮಾತೂ ಇಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಸೇರಿಸಿ, 2016ರ ಮಾರ್ಚ್ ತಿಂಗಳಲ್ಲೇ ನಿಷೇಧಿಸಲಾಗಿದೆ. ಕೇಂದ್ರ ಸರ್ಕಾರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಂತೂ, ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಮೂರು ಕೆಲಸದ ದಿನಗಳ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಮೂಲದಲ್ಲೇ ಬೇರ್ಪಡಿಸಿ ಕೊಡಬೇಕು ಎಂದು ಹೇಳಿದವು. ಮನೆಯ ಮುಂದಿನ ರಸ್ತೆಗೆ ಶಾಮಿಯಾನ ಹಾಕಿಸುವ ನಮ್ಮಲ್ಲಿ ಎಷ್ಟು ಜನ ಹಾಗೆ ತಿಳಿಸಿದ್ದೇವೆ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ಈ ಯುವಕರು ಆ ತಿಳಿವಳಿಕೆ ಪತ್ರದ ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಇಟ್ಟುಕೊಂಡಿದ್ದಾರೆ. ಹೆಸರು, ವಿಳಾಸ, ದಿನಾಂಕ ತುಂಬಿ ವಲಯ ಕಚೇರಿಗೆ ಕೊಟ್ಟರೆ ಸಾಕು. ಇದಕ್ಕೆ ಅವರು ಹಣ ಕೇಳುವುದಿಲ್ಲ. ಪೂರ್ತಿ ಅಂಕ ಕೊಡುವುದಾದರೆ ಇದೊಂದಕ್ಕೇ ಕೊಡಬಹುದು.

ಇನ್ನು ಪಾತ್ರೆಗಳ ವಿಷಯ. ತಟ್ಟೆಗಳು ಒಂದೇ ಅಳತೆಯವು, ಅಂಚು ಮಡಚಿದ, ಕೈಗೆ ತರಚದ ಗಟ್ಟಿ ತಟ್ಟೆಗಳು. ಇವನ್ನು ಹಣ ಕೂಡಿಸಿ ಒಟ್ಟಿಗೆ ಕೊಂಡಿದ್ದಾರೆ. ಲೋಟಗಳ ಕತೆ ಬೇರೆ. ಅರ್ಧದಷ್ಟು ಲೋಟಗಳು ಬಡಾವಣೆಯ ಮನೆಗಳಿಂದ ಬಂದ ದಾನ. ಮದುವೆ ಮುಂಜಿಗಳಲ್ಲಿ ಉಡುಗೊರೆಯಾಗಿ ಬಂದು ಅಟ್ಟದ ಮೇಲೆ ಗೋಣಿಚೀಲದಲ್ಲಿ ಕುಳಿತಿದ್ದ ಸಾಮಾನು ಅವು. ಪ್ರತಿಯೊಂದರ ಮೇಲೂ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಿವೆ: ಯಾರದೋ ಮನೆತನದ ಹೆಸರು, ಯಾವುದೋ ಸೀಮಂತದ ತಾರೀಖು, ‘ಪ್ರೀತಿಪೂರ್ವಕ’ ಎಂಬಲ್ಲಿ ಒಂದು ಒತ್ತಕ್ಷರ ಬಿಟ್ಟುಹೋದ ಬರಹ. ಪಂಕ್ತಿಯಲ್ಲಿ ಕುಳಿತ ಹಿರಿಯರು ನೀರು ಕುಡಿಯುವ ಮೊದಲು ಲೋಟವನ್ನು ತಿರುಗಿಸಿ ಓದುತ್ತಿದ್ದರು. ನಮ್ಮ ಸೋದರತ್ತೆ ತಮ್ಮ ಲೋಟದ ಮೇಲಿನ ಹೆಸರು ಕಂಡು, ಇವರು ನಂಜನಗೂಡಿನ ಕಡೆಯವರಲ್ಲವೇ ಎಂದು ಎದುರು ಸಾಲಿನವರನ್ನು ವಿಚಾರಿಸಿದರು. ಅಲ್ಲಿಂದ ಹುಟ್ಟಿದ ಸಂಬಂಧದ ಲೆಕ್ಕಾಚಾರ ಮಜ್ಜಿಗೆ ಬರುವವರೆಗೂ ಮುಗಿಯಲಿಲ್ಲ. ಹಳ್ಳಿಗಳಲ್ಲಿ ದೇವಸ್ಥಾನದ ಭಂಡಾರದಿಂದ ಊರೊಟ್ಟಿನ ಪಾತ್ರೆಗಳನ್ನು ಮದುವೆ ಮನೆಗೆ ತಂದು, ಮುಗಿದ ಮೇಲೆ ಎಣಿಸಿ ಒಪ್ಪಿಸುತ್ತಿದ್ದ ಪದ್ಧತಿ ಗೊತ್ತಿರುವವರಿಗೆ ಈ ಬ್ಯಾಂಕ್ ಅಪರಿಚಿತವಾಗಿ ಕಾಣುವುದಿಲ್ಲ.

ಆದರೆ ಅದೇ ಲೋಟಗಳು ಕೆಲಸಗಾರರಿಗೆ ತಲೆನೋವು. ಕಂಠ ಅಗಲವಾದದ್ದು, ಬುಡ ಕಿರಿದಾದದ್ದು, ಮೇಲೆ ಅಂಚು ಬಾಗಿದ್ದು, ನೇರವಾಗಿದ್ದು ಎಲ್ಲವೂ ಬೆರೆತಿರುವುದರಿಂದ ಒಂದರೊಳಗೊಂದು ಕೂರುವುದಿಲ್ಲ. ಕೂರಿಸಿದರೆ ಕೆಲವು ಕಚ್ಚಿಕೊಂಡು ಬಿಡುತ್ತವೆ. ಎಣಿಕೆಗೆ ಹೊತ್ತು ಹಿಡಿಯುತ್ತದೆ, ಕ್ರೇಟುಗಳ ಸಂಖ್ಯೆ ಹೆಚ್ಚುತ್ತದೆ, ಕ್ರೇಟು ಹೆಚ್ಚಿದರೆ ಲಗೇಜ್ ಆಟೋದ ಖರ್ಚೂ ಹೆಚ್ಚುತ್ತದೆ. ಕಾಫಿಗೆ ಕೊಟ್ಟ ಸಣ್ಣ ಲೋಟಗಳು ತೆಳುವಾಗಿದ್ದರಿಂದ ಬಿಸಿ ಕಾಫಿ ಬಿದ್ದಾಗ ಹಿಡಿಯಲು ಆಗುತ್ತಿರಲಿಲ್ಲ. ಜನ ರುಮಾಲು, ಸೆರಗು ಸುತ್ತಿ ಹಿಡಿದುಕೊಂಡರು. ಕಾಫಿಗೆ ಮಾತ್ರ ದಪ್ಪ ಅಂಚಿನ ಒಂದೇ ಬಗೆಯ ಲೋಟಗಳನ್ನು ಅವರು ಕೊಳ್ಳಲೇಬೇಕು.

ಅಡುಗೆ ಕಂಟ್ರಾಕ್ಟರರ ಒಪ್ಪಿಗೆ ಪಡೆಯುವುದು ಇಡೀ ವ್ಯವಹಾರದಲ್ಲಿ ಕಷ್ಟದ ಭಾಗವಾಗಿತ್ತು. ಪೇಪರ್ ಲೋಟ, ರೋಲು, ಬಾಟಲಿ ಎಲ್ಲವೂ ಅವರ ಎಲೆಯೊಂದಕ್ಕಿಷ್ಟು ಎಂಬ ದರದಲ್ಲಿ ಸೇರಿಕೊಂಡಿರುತ್ತವೆ. ಅವನ್ನು ತೆಗೆದರೂ ದರ ಇಳಿಸಲು ಅವರು ಒಪ್ಪುವುದಿಲ್ಲ. ನಮ್ಮ ಕಂಟ್ರಾಕ್ಟರರು ಅಣ್ಣನಿಗೆ, “ಲೋಟ ತರ್ಸೋದು ನೀವು, ಕಳೆದ್ರೆ ಕೇಳೋದು ನಮ್ಮ ಹುಡುಗ್ರನ್ನ. ಪೇಪರ್ ಲೋಟ ಆದ್ರೆ ಒಂದು ತಂಟೆ ಇಲ್ಲ ಸ್ವಾಮಿ” ಎಂದು ನೇರವಾಗಿಯೇ ಹೇಳಿದರು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬ್ಯಾಂಕಿನ ಪರವಾಗಿ ಬಂದಿದ್ದ ಬಿ.ಎಸ್‌ಸಿ. ಓದುವ ಹುಡುಗಿ ಪ್ಲಾಸ್ಟಿಕ್, ಭೂಮಿ, ಮುಂದಿನ ಪೀಳಿಗೆ ಎಂದು ಏನನ್ನೂ ಎತ್ತದೆ, “ಸರ್, ನಿಮ್ಮ ಹುಡುಗ್ರು ಲೋಟ ಮುಟ್ಟೋದೇ ಬೇಡ. ಇಡೋದೂ ನಾವೇ, ಎತ್ತೋದೂ ನಾವೇ, ಕಳೆದ್ರೆ ಲೆಕ್ಕಾನೂ ನಮ್ದೇ. ನೀವು ಜಗ್ಗಲ್ಲಿ ನೀರು ಬಡಿಸಿ ಸಾಕು” ಎಂದಳು. ಕಂಟ್ರಾಕ್ಟರರಿಗೆ ಬೇಕಾಗಿದ್ದ ಮಾತು ಅದೊಂದೇ. ದರ ಮಾತ್ರ ಅವರು ಕೊನೆಗೂ ಇಳಿಸಲಿಲ್ಲ. ಬಾಟಲಿಯ ಬದಲಿಗೆ ಇನ್ನೊಂದು ಪಲ್ಯ ಹಾಕುವುದಾಗಿ ಒಪ್ಪಿ, ಹಾಗೆಯೇ ನಡೆಸಿಕೊಟ್ಟರು.

ಪೇಪರ್ ಲೋಟವೂ ಕಾಗದವೇ ಅಲ್ಲವೇ ಎಂಬ ವಾದ ಮನೆಯೊಳಗೂ ಎದ್ದಿತ್ತು. ಕಾಗದ ನೆನೆಯದಂತೆ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಅಂಟಿಸಿರುತ್ತಾರೆ, ಹಾಗಾಗಿ ಅದು ಗೊಬ್ಬರಕ್ಕೂ ಆಗುವುದಿಲ್ಲ, ಹಳೆ ಪೇಪರಿನವರೂ ಕೊಳ್ಳುವುದಿಲ್ಲ. ಖರಗ್‌ಪುರದ ಐಐಟಿಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ ಎಂದು ಕಂಡುಬಂತು. ಪಕ್ಕದ ತಮಿಳುನಾಡು 2019ರಿಂದ ಪ್ಲಾಸ್ಟಿಕ್ ಲೇಪಿತ ಪೇಪರ್ ಕಪ್ಪುಗಳನ್ನೂ ನಿಷೇಧಿಸಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಡಿಕೆ ಹಾಳೆಯ ತಟ್ಟೆಯ ವಿಷಯದಲ್ಲಿ ನನಗೆ ಇಷ್ಟು ತಕರಾರಿಲ್ಲ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಿಗೆ ಅದು ಜೀವನಾಧಾರ. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಈ ತಟ್ಟೆಗಳ ಆಮದಿಗೆ ತಡೆ ಹಾಕಿದ ಸುದ್ದಿ ಬಂದಾಗಿನಿಂದ ನಮ್ಮ ಅತ್ತಿಗೆ ಮಾತ್ರ ಅದನ್ನು ಅನುಮಾನದಿಂದ ನೋಡುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಎಲೆ ಸಿಗುವ ಕಡೆ ಎಲೆ, ಎಲೆಗೆ ಜಾಗವಿಲ್ಲದ ನಿಂತು ತಿನ್ನುವ ತಿಂಡಿಗೆ ಸ್ಟೀಲ್ ತಟ್ಟೆ; ನಡುವೆ ಮೂರನೆಯದಕ್ಕೆ ಕೆಲಸ ಕಡಿಮೆ.

ತೊಳೆಯುವ ಕೆಲಸವನ್ನು ನಾನು ಬೇಕೆಂದೇ ಹತ್ತಿರ ಹೋಗಿ ನೋಡಿದೆ, ಏಕೆಂದರೆ ಇಂಥ ಯೋಜನೆಗಳಲ್ಲಿ ಶ್ರಮದ ಭಾಗವನ್ನು ಕಾಣದಂತೆ ಮುಚ್ಚಿಡುವುದು ಸುಲಭ. ಪಾತ್ರೆಗಳನ್ನು ಸ್ಥಳದಲ್ಲಿ ತೊಳೆಯುವುದಿಲ್ಲ. ಎಂಜಲನ್ನು ಬಕೆಟ್ಟಿಗೆ ಕೆಡವಿ, ಒಂದು ಸಲ ನೀರಿನಲ್ಲಿ ಅದ್ದಿ, ಕ್ರೇಟಿಗೆ ತುಂಬಿ ಒಯ್ಯುತ್ತಾರೆ. ಬಡಾವಣೆಯ ಅಂಚಿನ ಒಂದು ಶೆಡ್ಡಿನಲ್ಲಿ ಸ್ತ್ರೀಶಕ್ತಿ ಸಂಘದ ಮಹಿಳೆಯರು ತೊಳೆಯುತ್ತಾರೆ: ಒಂದು ಟಬ್ಬಿನಲ್ಲಿ ನೆನೆಹಾಕುವುದು, ಎರಡನೆಯದರಲ್ಲಿ ಸಬೀನ ಹಾಕಿ ಉಜ್ಜುವುದು, ಮೂರನೆಯದರಲ್ಲಿ ಕುದಿಸಿದ ಬಿಸಿನೀರು, ಆಮೇಲೆ ಬೋರಲು ಹಾಕಿ ಬಿಸಿಲಿಗೆ. ಹುಳಿಯ ಅರಿಶಿನ ಹಿಡಿದ ಚಮಚಗಳನ್ನು ಹಿಂಡಿದ ನಿಂಬೆಹಣ್ಣಿನ ಸಿಪ್ಪೆಯಿಂದ ತಿಕ್ಕುತ್ತಾರೆ. ಕೂಲಿ ಪಾತ್ರೆಯ ಲೆಕ್ಕದಲ್ಲಿ. ತಟ್ಟೆಗೊಂದು ದರ, ಲೋಟ ಮತ್ತು ಚಮಚಕ್ಕೆ ಒಂದು ದರ. ನಾವು ಕೊಟ್ಟ ತೊಳೆಯುವ ಹಣ ಬಹುಪಾಲು ಅಲ್ಲಿಗೇ ಹೋಗುತ್ತದೆ ಎಂಬುದನ್ನು ಬಿಲ್ಲಿನಲ್ಲೇ ಬರೆದಿದ್ದರು, ಕೇಳಿದಾಗ ಆ ಮಹಿಳೆಯರೂ ಹೌದೆಂದರು. ಪರಿಸರದ ಕೆಲಸವೆಂದು ಹೇಳಿ ಅವರಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುತ್ತಿಲ್ಲ. ಹಾಗಿದ್ದರೂ ತೊಳೆದ ನೀರಿನ ಲೆಕ್ಕವನ್ನು ಅವರು ಇಡುತ್ತಿಲ್ಲ, ಆ ನೀರು ನೇರವಾಗಿ ಚರಂಡಿಗೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಕಾವೇರಿ, ಕಬಿನಿ ನೀರಿನ ಸರಬರಾಜು ದಿನ ಬಿಟ್ಟು ದಿನಕ್ಕೆ ಇಳಿದರೆ ಇಡೀ ವ್ಯವಸ್ಥೆ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಅವರಲ್ಲಿ ಸಿದ್ಧ ಉತ್ತರವಿಲ್ಲ. ಸ್ಟೀಲ್ ತಯಾರಿಕೆಗೂ ಸಾಕಷ್ಟು ಇಂಧನ ಬೇಕಾಗುವುದರಿಂದ, ಒಂದು ಲೋಟ ನೂರಾರು ಸಲ ಬಳಕೆಯಾದಾಗಲೇ ಅದಕ್ಕೆ ಅರ್ಥ. ಈ ದೃಷ್ಟಿಯಿಂದ ಅಟ್ಟದ ಮೇಲಿಂದ ಇಳಿಸಿದ ಹಳೆಯ ಲೋಟಗಳೇ ಹೊಸ ತಟ್ಟೆಗಳಿಗಿಂತ ಮೇಲು.

ಇನ್ನು ದೂರುಗಳು. ಬೆಳಗಿನ ಆರು ಗಂಟೆಗೆ ಬರಬೇಕಾಗಿದ್ದ ಲೋಟಗಳು ಏಳರ ಹತ್ತಿರ ಬಂದವು. ಗಣಹೋಮಕ್ಕೆ ಬಂದ ಪುರೋಹಿತರು, ಮುಂಜಾನೆಯೇ ಬಂದಿಳಿದ ನೆಂಟರು ಮೊದಲ ಕಾಫಿಯನ್ನು, ಕಂಟ್ರಾಕ್ಟರರು ಮುಂಜಾಗ್ರತೆಯಿಂದ ತಂದಿಟ್ಟುಕೊಂಡಿದ್ದ ಪೇಪರ್ ಕಪ್ಪಿನಲ್ಲೇ ಕುಡಿಯಬೇಕಾಯಿತು. ಕಂಟ್ರಾಕ್ಟರರ ಮುಖದ ಮೇಲಿನ ಗೆಲುವಿನ ನಗೆಯನ್ನು ನಾವು ಸಹಿಸಿಕೊಂಡೆವು. ಶೆಡ್ಡಿನ ಬೀಗದ ಕೈ ಯಾರ ಬಳಿ ಇತ್ತೋ ಅವನಿಗೆ ಅಂದು ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಇದ್ದು, ಹಿಂದಿನ ರಾತ್ರಿ ಕೀ ಕೊಡಲು ಮರೆತು ಮಲಗಿಬಿಟ್ಟಿದ್ದನಂತೆ. ಕಾರಣ ಕೇಳಿ ಮರುಕ ಹುಟ್ಟಿತು, ಆದರೆ ಮುಹೂರ್ತ ಮರುಕಕ್ಕಾಗಿ ಕಾಯುವುದಿಲ್ಲ. ಎರಡನೆಯದು ಚಮಚಗಳ ಜಗಳ. ಸಂಜೆಯ ಎಣಿಕೆಯಲ್ಲಿ ಹದಿನಾಲ್ಕು ಚಮಚ ಕಡಿಮೆ ಬಂದವು ಎಂದರು. ಬೆಳಿಗ್ಗೆ ಇಳಿಸುವಾಗ ನಮ್ಮ ಕಡೆಯವರನ್ನು ನಿಲ್ಲಿಸಿ ಎಣಿಸಿರಲಿಲ್ಲ, ಪುಸ್ತಕದಲ್ಲಿ ಅವರದೊಂದೇ ಸಹಿ ಇತ್ತು. ಮರುದಿನ ಎಂಜಲು ಬಕೆಟ್ಟಿನ ತಳದಲ್ಲಿ ಒಂಬತ್ತು ಸಿಕ್ಕವು, ಮಿಕ್ಕವುಗಳ ಹಣವನ್ನು ಕೊಟ್ಟೆವು. ಕೊಟ್ಟದ್ದು ದೊಡ್ಡ ಮೊತ್ತವೇನಲ್ಲ. ಎರಡೂ ಕಡೆಯವರು ನಿಂತು ಎಣಿಸಿ, ಎರಡು ಸಹಿ ಹಾಕುವುದನ್ನು ಪಾತ್ರೆ ಬಾಡಿಗೆಯ ಸಾಮಾನ್ಯ ಅಂಗಡಿಯವರೂ ಮಾಡುತ್ತಾರೆ. ಇವರು ಅದನ್ನು ಅಪನಂಬಿಕೆಯೆಂದು ಭಾವಿಸಿ ಸಂಕೋಚಪಡುತ್ತಾರೆ. ಠೇವಣಿಯ ಹಣವೂ ನಾವಾಗಿ ನೆನಪಿಸುವವರೆಗೆ ಬರಲಿಲ್ಲ, ಏಕೆಂದರೆ ಹಣ ಯಾರದೋ ಒಬ್ಬರ ಸ್ವಂತ ಯುಪಿಐ ಖಾತೆಯಲ್ಲಿರುತ್ತದೆ. ಗುಂಪಿನ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ತೆರೆಯದೆ ಬ್ಯಾಂಕ್ ಎಂದು ಕರೆದುಕೊಳ್ಳುವುದು ಅಷ್ಟು ಸರಿಯಲ್ಲ ಎಂದು ಹೇಳಿ ಬಂದಿದ್ದೇನೆ.

ಮೂರನೆಯ ದೂರು ಮೈಕಿನದು. ಎರಡನೆಯ ಪಂಕ್ತಿಗೆ ಪಾಯಸ ಬಡಿಸುವ ಹೊತ್ತಿನಲ್ಲಿ ಅವರಲ್ಲೊಬ್ಬ ಯುವಕ ನಾದಸ್ವರದವರ ಮೈಕನ್ನು ಕೇಳಿ ಪಡೆದು, ಪ್ಲಾಸ್ಟಿಕ್ಕಿನ ಅಪಾಯಗಳ ಬಗ್ಗೆ ಮಾತನಾಡತೊಡಗಿದ. ಸ್ಟೀಲ್ ಲೋಟದಲ್ಲಿ ನೀರು ಕುಡಿಯುತ್ತ ಕುಳಿತವರಿಗೆ ಆ ಮಾತಿನ ಅಗತ್ಯವೇ ಇರಲಿಲ್ಲ. ಹಿರಿಯರೊಬ್ಬರು ಪಕ್ಕದವರಿಗೆ, “ನಾವು ಸಂತರ್ಪಣೆಗೆ ಹೋಗೋವಾಗ ಲೋಟ ಕೈಲೇ ಹಿಡ್ಕೊಂಡು ಹೋಗ್ತಿದ್ವಿ, ನಮಗೆ ಹೇಳ್ತಾನಲ್ಲ” ಎಂದರು. ಅತ್ತಿಗೆ ಹೋಗಿ ಮೈಕನ್ನು ಇಸಿದುಕೊಂಡು ಬಂದರು.

ಇಷ್ಟೆಲ್ಲ ಹೇಳಿದ ಮೇಲೂ ಸಂಜೆ ಗೇಟಿನ ಬಳಿ ಕಂಡ ದೃಶ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಎಲೆಗಳು ಮತ್ತು ಎಂಜಲು ಡ್ರಮ್ಮುಗಳಲ್ಲಿ, ಅವುಗಳೊಳಗೆ ಒಂದು ಕಪ್ಪು ಕೂಡ ಇಲ್ಲ. ಒಣಕಸ ಒಂದೂವರೆ ಗೋಣಿಚೀಲ, ಅದರಲ್ಲೂ ಹೆಚ್ಚಿನ ಪಾಲು ಉಡುಗೊರೆ ಸುತ್ತಿದ ಕಾಗದ ಮತ್ತು ಹೂವಿನವರು ತಂದ ಪ್ಲಾಸ್ಟಿಕ್ ಚೀಲಗಳು. ಕೆಲವು ತಿಂಗಳ ಹಿಂದೆ ಇಷ್ಟೇ ಜನ ಸೇರಿದ್ದ ನಮ್ಮದೇ ಬಂಧುಗಳ ನಾಮಕರಣದಲ್ಲಿ ಕಸದ ಚೀಲಗಳು ಕಾಂಪೌಂಡಿನ ಉದ್ದಕ್ಕೂ ಒರಗಿ ನಿಂತಿದ್ದವು, ರಾತ್ರಿ ನಾಯಿಗಳು ಎಳೆದಾಡಿದ್ದನ್ನು ಬೆಳಿಗ್ಗೆ ಬಳಿಯಬೇಕಾಗಿತ್ತು. ಈ ಸಲ ಬೆಳಿಗ್ಗೆ ಬಂದ ಆಟೋ ಟಿಪ್ಪರಿನ ಪೌರಕಾರ್ಮಿಕ ಮಹಿಳೆ ಡ್ರಮ್ಮಿನೊಳಗೆ ಕೈ ಹಾಕದೆ ಬಗ್ಗಿ ನೋಡಿ, ಇದು ಯಾರು ಮಾಡಿದ್ದು ಎಂದು ಕೇಳಿದರು.

ಯುವಜನರ ಪರಿಸರ ಕೆಲಸ ಎಂದರೆ ನಮಗೆ ಒಡನೆಯೇ ಕಣ್ಣಿಗೆ ಬರುವುದು ಜೂನ್ 5ರ ಸಸಿ ನೆಡುವಿಕೆ ಮತ್ತು ಚಾಮುಂಡಿ ಬೆಟ್ಟದ ಮೆಟ್ಟಿಲುಗಳಲ್ಲಿ ನಡೆಯುವ ಭಾನುವಾರದ ಸ್ವಚ್ಛತಾ ಅಭಿಯಾನ. ಬಾಟಲಿ ಹೆಕ್ಕುವ ಕೆಲಸವನ್ನು ನಾನು ಹಗುರ ಮಾಡುತ್ತಿಲ್ಲ, ಆದರೆ ಮುಂದಿನ ಭಾನುವಾರಕ್ಕೆ ಅಷ್ಟೇ ಬಾಟಲಿಗಳು ಅಲ್ಲಿ ಬಿದ್ದಿರುತ್ತವೆ. ಈ ಗುಂಪಿನ ಕೆಲವರು ಅಲ್ಲಿಂದಲೇ ಆರಂಭಿಸಿದವರು. ಹೆಕ್ಕಿ ಹೆಕ್ಕಿ ಬೇಸತ್ತು, ಬೀಳುವ ಮೊದಲೇ ತಡೆಯುವ ದಾರಿ ಹುಡುಕಿದರು. ದಾರಿ ಇವರು ಕಂಡುಹಿಡಿದದ್ದೇನಲ್ಲ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಕೊಡುತ್ತ ಬಂದಿದೆ. 2015ರಲ್ಲಿ ಕೇರಳದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಬಳಸಿ ಬಿಸಾಡುವ ಸಾಮಾನುಗಳನ್ನು ದೂರವಿಟ್ಟು ಹಸಿರು ನಿಯಮಾವಳಿಯನ್ನು ಪಾಲಿಸಲಾಯಿತು, ಆಮೇಲೆ ಅದು ಅಲ್ಲಿನ ಮದುವೆ ಮನೆಗಳಿಗೂ ಇಳಿಯಿತು. ಬೆಂಗಳೂರಿನ ರೀಪ್ ಬೆನಿಫಿಟ್ ಸಂಸ್ಥೆ ‘ಸಾಲ್ವ್ ನಿಂಜಾ’ ಎಂಬ ಹೆಸರಿಟ್ಟು, ತಮ್ಮ ಬೀದಿಯ ಕಸ, ನೀರಿನಂಥ ಸಮಸ್ಯೆಗಳನ್ನು ತಾವೇ ಅಳೆದು, ತಾವೇ ಪರಿಹಾರ ಹುಡುಕುವಂತೆ ಹುಡುಗ ಹುಡುಗಿಯರನ್ನು ಹುರಿದುಂಬಿಸುತ್ತ ಬಂದಿದೆ. ನಮ್ಮ ಬಡಾವಣೆಯವರ ಹೆಚ್ಚುಗಾರಿಕೆ ಇರುವುದು ಅಡುಗೆ ಕಂಟ್ರಾಕ್ಟರರ ಅಂಜಿಕೆ, ಎಲೆ ಮಡಿಸುವವರ ಅಭ್ಯಾಸ, ತೊಳೆಯುವವರ ಕೂಲಿ ಈ ಮೂರನ್ನೂ ಕೂತು ಬಿಡಿಸಿಕೊಂಡದ್ದರಲ್ಲಿ.

ಇವರ ಮುಂದಿರುವ ದೊಡ್ಡ ಅಪಾಯ ಕಾಲೇಜು ಮುಗಿಯುವುದು. ಲೆಕ್ಕದ ಪುಸ್ತಕ ನೋಡಿಕೊಳ್ಳುವ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಕಂಟ್ರಾಕ್ಟರರನ್ನು ಒಪ್ಪಿಸಿದ ಹುಡುಗಿ ಎಂ.ಎಸ್‌ಸಿ.ಗೆ ಬೇರೆ ಊರಿಗೆ ಹೋಗುವವಳಿದ್ದಾಳೆ. ಯಾರೂ ಸಂಬಳ ತೆಗೆದುಕೊಳ್ಳುವುದಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿದರು. ನನಗೆ ಅದು ಚಿಂತೆಯ ವಿಷಯವಾಗಿ ಕಂಡಿತು. ತೊಳೆಯುವವರಿಗೆ ಕೂಲಿ ಕೊಡುವ ವಿವೇಕ ತೋರಿಸಿದವರು, ಕೀ ಇಟ್ಟುಕೊಂಡು ಬೆಳಿಗ್ಗೆ ಐದಕ್ಕೆ ಶೆಡ್ಡು ತೆಗೆಯುವ ಒಬ್ಬರಿಗೂ ಸಂಬಳ ಕೊಡಬೇಕು. ಅದಕ್ಕಾಗಿ ಪಾತ್ರೆಗೆ ಸಣ್ಣ ಬಾಡಿಗೆ ಹಾಕಿದರೂ ಯಾರೂ ಗೊಣಗಲಾರರು. ನಾವು ತೊಳೆಯುವುದಕ್ಕೆ ಮತ್ತು ಸಾಗಣೆಗೆ ಕೊಟ್ಟ ಒಟ್ಟು ಹಣ, ಅಷ್ಟು ಜನಕ್ಕೆ ಬಾಟಲಿ ಮತ್ತು ಪೇಪರ್ ಲೋಟ ಕೊಂಡಿದ್ದರೆ ಆಗುತ್ತಿದ್ದ ಖರ್ಚಿಗಿಂತ ಕಡಿಮೆಯೇ ಇತ್ತು. ಇನ್ನಷ್ಟು ಕೇಳಿದರೂ ಕೊಡುವಷ್ಟು ಅಂತರ ಉಳಿದಿದೆ.

ಇನ್ನೂರು ಮುನ್ನೂರು ಜನರ, ಮನೆಯ ಮುಂದೆ ಅಥವಾ ಸಣ್ಣ ಛತ್ರದಲ್ಲಿ ನಡೆಯುವ, ಪಂಕ್ತಿಯ ಊಟದ ಕಾರ್ಯಕ್ರಮಗಳಿಗೆ ಈ ಸೇವೆಯನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಸಾವಿರ ಜನರ ಆರತಕ್ಷತೆಯ ಬಫೆಗೆ ಇವರಲ್ಲಿ ಅಷ್ಟು ತಟ್ಟೆಗಳೂ ಇಲ್ಲ, ಕೈಗಳೂ ಇಲ್ಲ, ಒಪ್ಪಿಕೊಂಡರೂ ಕೊಡಬೇಡಿ. ಆಷಾಢ ಶುಕ್ರವಾರಗಳಲ್ಲಿ ಬೆಟ್ಟದ ದಾರಿಯಲ್ಲಿ ಪ್ರಸಾದ ಹಂಚುವವರೂ ಇವರನ್ನು ಕೇಳುತ್ತಿದ್ದಾರಂತೆ, ಜನ ತಟ್ಟೆ ಹಿಡಿದು ನಡೆದುಕೊಂಡೇ ಹೋಗುವ ಕಡೆ ಎಣಿಸಿ ಪಡೆಯುವುದು ಹೇಗೆಂದು ನನಗೆ ತಿಳಿಯದು, ಅಲ್ಲಿಗೆ ಮುತ್ತುಗದ ಎಲೆಯ ದೊನ್ನೆಯೇ ಸೂಕ್ತ. ಲಗ್ನದ ತಿಂಗಳುಗಳಲ್ಲಿ ಒಂದೇ ದಿನಕ್ಕೆ ಹಲವರು ಕೇಳುವುದರಿಂದ ಛತ್ರ ಗೊತ್ತುಮಾಡಿದ ದಿನವೇ ಇವರಿಗೂ ಹೇಳಿಬಿಡುವುದು ಒಳ್ಳೆಯದು. ಪಾತ್ರೆಗಳನ್ನು ಹಿಂದಿನ ಸಂಜೆಯೇ ತರಿಸಿಕೊಂಡು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ, ಇಳಿಸುವಾಗ ಲೆಕ್ಕದಲ್ಲಿ ಗಟ್ಟಿಗರಾದ ಒಬ್ಬರನ್ನು ನಿಲ್ಲಿಸಿ ಚಮಚಗಳನ್ನೂ ಎಣಿಸಿ ಸಹಿ ಹಾಕಿಸಿಕೊಳ್ಳಿ, ಮೈಕನ್ನು ನಾದಸ್ವರದವರ ಬಳಿಯೇ ಇರಲು ಬಿಡಿ. ಐಸ್‌ಕ್ರೀಮಿಗೆ ಬೇಕಾದ ಬಟ್ಟಲುಗಳು ಇವರಲ್ಲಿ ಇನ್ನೂ ಇಲ್ಲ. ನಾವು ಐಸ್‌ಕ್ರೀಮ್ ಬಿಟ್ಟು, ಎಲೆಯ ಮೇಲೆಯೇ ಬಡಿಸಬಹುದಾದ ಬಾಳೆಹಣ್ಣಿನ ರಸಾಯನ ಮಾಡಿಸಿದೆವು. ಮಕ್ಕಳನ್ನು ಬಿಟ್ಟರೆ ಬೇರೆ ಯಾರೂ ಆಕ್ಷೇಪಿಸಲಿಲ್ಲ.